ಕೀಮೋ ಹಾಲ್‌ನಲ್ಲಿ ಅರ್ಧ ಜನ ಕೆಮ್ಮುತ್ತಾರೆ. ಅಪ್ಪನನ್ನು ಕಾಪಾಡುವುದು ಹೇಗೆ?

ಬಜಪೆ ಮಗಳು · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಎಪ್ಪತ್ತು ದಾಟಿದೆ, ಲಿಂಫೋಮಾ ಅನ್ನುವ ಕ್ಯಾನ್ಸರ್. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ 21 ದಿನಕ್ಕೊಮ್ಮೆ ಕೀಮೋ, ಜೊತೆಗೆ ರಿಟುಕ್ಸಿಮ್ಯಾಬ್ ಅನ್ನುವ ಔಷಧಿ. ಡಾಕ್ಟ್ರ ಬಗ್ಗೆ ಒಂದು ಮಾತೂ ಹೇಳುವ ಹಾಗಿಲ್ಲ, ಅಷ್ಟು ಒಳ್ಳೆಯವರು. ನನಗೆ ಹೆದರಿಕೆ ಇರುವುದು ಡೇ ಕೇರ್ ಹಾಲ್‌ನದ್ದು.

ಕಿಟಕಿಗಳು ಉಂಟು, ಆದರೆ ಸ್ಕ್ರೂ ಹಾಕಿ ಮುಚ್ಚಿದ್ದಾರೆ. ಎರಡು ಸ್ಪ್ಲಿಟ್ ಎಸಿ. ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಜೊತೆಗೆ ಬಂದವರು. ಮಳೆ ಶುರುವಾದ ಮೇಲೆ ಅರ್ಧ ಜನಕ್ಕೆ ಶೀತ. ಕಳೆದ ಸಲ ಪಕ್ಕದ ಕುರ್ಚಿಯವರು ಒಂದೇ ಸಮನೆ ಕೆಮ್ಮುತ್ತಿದ್ದರು. ಅವರನ್ನು ಬೈಯುವುದು ಹೇಗೆ, ಅವರೂ ರೋಗಿಯೇ ಅಲ್ವಾ? ಅಪ್ಪನ ಮುಖಕ್ಕೆ ಒಂದು ನೀಲಿ ಸರ್ಜಿಕಲ್ ಮಾಸ್ಕ್ ಇತ್ತು. ಹನ್ನೆರಡೂವರೆಗೆ ಎಲ್ಲರೂ ಟಿಫಿನ್ ಡಬ್ಬಿ ತೆರೆದರು. ಇಡೀ ಹಾಲ್‌ನ ಮಾಸ್ಕ್‌ಗಳು ಒಟ್ಟಿಗೆ ಗಲ್ಲಕ್ಕೆ ಇಳಿದವು.

ಸ್ಯಾನಿಟೈಸರ್ ಬಾಟಲಿ ಪ್ರತಿ ಕಂಬಕ್ಕೂ ಉಂಟು. ಗಾಳಿಯ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಜಗಳ ಮಾಡದೆ ಏನು ಮಾಡಬಹುದು ಹೇಳಿ. ಜಾಸ್ತಿ ಮಾತಾಡಿದರೆ ಅಪ್ಪನನ್ನೇ ಸರಿಯಾಗಿ ನೋಡುವುದಿಲ್ಲ, ಸುಮ್ನೆ ಇರು ಅಂತ ಅಣ್ಣ ಹೇಳುತ್ತಾನೆ.

ಪಡುಬಿದ್ರಿ ರಾಯರು · ಸೋಮವಾರ ರಾತ್ರಿ

ಕರ್ಪೂರ, ಓಮ, ಲವಂಗ ಒಂದು ಬಟ್ಟೆಯಲ್ಲಿ ಕಟ್ಟಿ ಅಪ್ಪನ ಕಿಸೆಯಲ್ಲಿ ಇಡಿ ತಂಗೀ. ಗಂಟೆಗೊಮ್ಮೆ ಮೂಸಲಿ. ನಮ್ಮ ಮನೆಯಲ್ಲಿ ಎಲ್ಲರೂ ಮಾಡುತ್ತೇವೆ.

ಮಣಿಪಾಲದ ಸಿಸ್ಟರ್ · ಸೋಮವಾರ ರಾತ್ರಿ

ರಾಯರೇ, ಬೇಜಾರು ಮಾಡಬೇಡಿ. ಆ ಪೊಟ್ಟಣ 2021ರಲ್ಲಿ ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿದೆ. ಮೂಗು ತೆರೆದ ಹಾಗೆ ಅನಿಸುತ್ತದೆ, ವೈರಸ್ಸಿಗೆ ಏನೂ ಆಗುವುದಿಲ್ಲ. ಮೂಸಲಿಕ್ಕೆ ಮಾಸ್ಕ್ ಇಳಿಸಬೇಕಾಗುತ್ತದೆ, ಅದು ಇನ್ನೂ ಕೆಟ್ಟದ್ದು.

ಬಜಪೆ ಅಕ್ಕ, ನಾನು ಕ್ಯಾನ್ಸರ್ ವಾರ್ಡಿನಲ್ಲಿ ತುಂಬ ವರ್ಷ ಇದ್ದವಳು. ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಕೀಮೋ ದಿನ ಅಪ್ಪನ ಕೌಂಟ್ (ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣದ ಲೆಕ್ಕ) ತೀರಾ ಕೆಳಗೆ ಇರುವುದಿಲ್ಲ, ಇದ್ದರೆ ಡಾಕ್ಟ್ರೇ ಕೀಮೋ ಮುಂದೆ ಹಾಕುತ್ತಾರೆ. ಬಿಳಿ ರಕ್ತಕಣ ತಳ ಮುಟ್ಟುವುದು ಸಾಮಾನ್ಯವಾಗಿ ಕೀಮೋ ಆಗಿ 7ರಿಂದ 14 ದಿನದ ನಡುವೆ. ಫ್ಲೂ ಅಂಟಿದರೆ ಕಾಣಿಸಿಕೊಳ್ಳಲಿಕ್ಕೆ 1ರಿಂದ 4 ದಿನ ಬೇಕು. ಅಂದರೆ ಹಾಲ್‌ನಲ್ಲಿ ಅಂಟಿದ್ದು ಮನೆಯಲ್ಲಿ ಏರುತ್ತದೆ, ಅದೇ ಹೊತ್ತಿಗೆ ಕೌಂಟ್ ಇಳಿಯುತ್ತಾ ಇರುತ್ತದೆ.

ಇನ್ನೊಂದು, ಇದನ್ನು ಜನ ಮರೆಯುತ್ತಾರೆ. ಹತ್ತನೇ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ ಅಂತ ಬರೆದುಕೊಡುತ್ತಾರೆ. ಅಪ್ಪನನ್ನು ಕರೆದುಕೊಂಡು ಹೋಗಿ ಲ್ಯಾಬಿನ ಸಾಲಿನಲ್ಲಿ ಕೂರಿಸುತ್ತೀರಿ, ಅದೂ ಕೌಂಟ್ ತೀರಾ ಕಡಿಮೆ ಇರುವಾಗ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬುಗಳು ಈಗ ಮಂಗಳೂರಲ್ಲೂ ಉಡುಪಿಯಲ್ಲೂ ಉಂಟು. ಅಷ್ಟೊಂದು ಕೆಮ್ಮು ಅದರಲ್ಲೇ ತಪ್ಪುತ್ತದೆ.

ಹಾಲ್ ವಿಷಯಕ್ಕೆ ಡಾಕ್ಟ್ರ ಹತ್ತಿರ ಹೋಗಬೇಡಿ. ಯಾರು ಯಾವ ಕುರ್ಚಿ, ಯಾರು ಎಷ್ಟು ಗಂಟೆಗೆ ಅಂತ ಬರೆಯುವುದು ಡೇ ಕೇರಿನ ಇನ್‌ಚಾರ್ಜ್ ಸಿಸ್ಟರ್. ಹಿಂದಿನ ದಿನ ಮಧ್ಯಾಹ್ನದ ಮೇಲೆ ಫೋನ್ ಮಾಡಿ, ಬೆಳಗ್ಗಿನ ರೌಂಡ್ಸ್ ಹೊತ್ತಿಗೆ ಬೇಡ. ಎರಡೇ ಕೇಳಿ. ಬೆಳಗ್ಗಿನ ಮೊದಲ ಸರದಿ, ಮತ್ತೆ ಬಾಗಿಲ ಹತ್ತಿರದ ಅಥವಾ ಮೂಲೆಯ ಕುರ್ಚಿ. ರಾತ್ರಿಯಿಡೀ ಹಾಲ್‌ನಲ್ಲಿ ಯಾರೂ ಉಸಿರಾಡಿರುವುದಿಲ್ಲ, ಹಾಗಾಗಿ ಎಂಟು ಗಂಟೆಯ ಗಾಳಿ ಇದ್ದುದರಲ್ಲಿ ಒಳ್ಳೆಯದು. "ನಿಮ್ಮ ಹಾಲ್ ಸರಿ ಇಲ್ಲ" ಅಂತ ಶುರು ಮಾಡಿದರೆ ಕೆಲಸ ಕೆಟ್ಟಿತು. "ಅಪ್ಪನಿಗೆ ಕೌಂಟ್ ಬೇಗ ಬೀಳುತ್ತದೆ ಸಿಸ್ಟರ್, ಶೀತ ಇರುವವರ ಪಕ್ಕ ಕೂರಿಸದೆ ಇದ್ದರೆ ಉಪಕಾರ" ಅಂದರೆ ಯಾವ ಸಿಸ್ಟರೂ ಇಲ್ಲ ಅನ್ನುವುದಿಲ್ಲ. ಕಿಸೆಯಲ್ಲಿ ನಾಲ್ಕು ಹೊಸ ಮಾಸ್ಕ್ ಇಟ್ಟುಕೊಳ್ಳಿ. ಕೆಮ್ಮುವವರಿಗೆ "ಒಂತೆ ಮಾಸ್ಕ್ ಪಾಡ್ಲೆ" (ಸ್ವಲ್ಪ ಮಾಸ್ಕ್ ಹಾಕಿ) ಅಂತ ತುಳುವಿನಲ್ಲಿ ನಗುತ್ತಾ ಕೊಟ್ಟರೆ ಹಾಕಿಕೊಳ್ಳುತ್ತಾರೆ.

ಜ್ವರ 100.4 ಡಿಗ್ರಿ ಮುಟ್ಟಿದರೆ ಕ್ರೋಸಿನ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ನೇರ ಕ್ಯಾಶುವಾಲ್ಟಿ. ಹೋಗುವಾಗಲೇ ಫೋನ್ ಮಾಡಿ, ಬಾಗಿಲಲ್ಲೇ "ಕೀಮೋ ಪೇಶೆಂಟ್, ಜ್ವರ" ಅಂತ ಹೇಳಿ. ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು. ಬೆಂಚಿನ ಮೇಲೆ ಕೂತು ಕಾಯುವ ಕೇಸ್ ಅಲ್ಲ ಅದು.

ಸುರತ್ಕಲ್ ಎಸಿ ಮೆಕ್ಯಾನಿಕ್ · ಮಂಗಳವಾರ ಬೆಳಗ್ಗೆ

ಇಪ್ಪತ್ತು ವರ್ಷದಿಂದ ಎಸಿ ಕೂರಿಸುವ ಕೆಲಸ ನನ್ನದು. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ: ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನದ್ದನ್ನೇ ಎಳೆದು ತಂಪು ಮಾಡಿ ಒಳಗೇ ಬಿಡುತ್ತದೆ. ಅದರ ಜಾಲರಿ ಧೂಳು ಹಿಡಿಯುತ್ತದೆ, ವೈರಸ್ ಹಿಡಿಯುವುದಿಲ್ಲ. ಅಡುಗೆಮನೆಯಲ್ಲಿ ಬಂಗುಡೆ ಹುರಿದರೆ ಮಲಗುವ ಕೋಣೆಗೂ ವಾಸನೆ ಬರುತ್ತದಲ್ವಾ, ಮೂಲೆಯಲ್ಲಿ ಕೆಮ್ಮಿದವರ ಉಸಿರೂ ಹಾಗೇ ಹಾಲ್ ಪೂರ್ತಿ ಸುತ್ತುತ್ತದೆ. ಆರು ಅಡಿ ದೂರ ಕೂತರೆ ಮುಗಿಯಿತು ಅಂತ ಇಲ್ಲ.

ಗಾಳಿ ಹೇಗಿದೆ ನೋಡಲಿಕ್ಕೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಸಿಗುತ್ತದೆ, ಅಂಗೈ ಅಗಲದ್ದು. ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವಂಥದ್ದು) ಇರುವುದನ್ನೇ ತೆಗೆದುಕೊಳ್ಳಿ, ಅಗ್ಗದ್ದರಲ್ಲಿ ಸುಳ್ಳು ಅಂಕೆ ಬರುತ್ತದೆ. ಹೊರಗೆ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 420 ಭಾಗ, ತೋರಿಸುತ್ತದೆ. ಒಳಗೆ 800ರ ಕೆಳಗಿದ್ದರೆ ಪರವಾಗಿಲ್ಲ. 1,200 ಅಂದರೆ ನಾವು ಎಳೆಯುವ ಗಾಳಿಯಲ್ಲಿ ಹತ್ತಿರ ಹತ್ತಿರ 2% ಬೇರೆಯವರ ಶ್ವಾಸಕೋಶದಿಂದ ಬಂದದ್ದು ಅಂತ ಲೆಕ್ಕ. ಮೀಟರ್ ಹಿಡಿದುಕೊಂಡು ಸಿಸ್ಟರ್ ಮುಂದೆ ಅಲ್ಲಾಡಿಸಬೇಡಿ ಮಾತ್ರ. ಚೀಲದಲ್ಲೇ ಇರಲಿ. ಯಾವ ಮೂಲೆ ಒಳ್ಳೆಯದು, ಎಷ್ಟು ಹೊತ್ತಿಗೆ ಹೊರಗೆ ಹೋಗಿ ಕೂರಬೇಕು ಅಂತ ನಿಮಗೆ ಗೊತ್ತಾದರೆ ಸಾಕು.

ಬಜಪೆ ಮಗಳು · ಮಂಗಳವಾರ ಮಧ್ಯಾಹ್ನ

ಸುರತ್ಕಲ್ ಅಣ್ಣ, ಒಂದು ಹೆಪಾ ಪ್ಯೂರಿಫೈಯರ್ (ಗಾಳಿಯ ಸಣ್ಣ ಕಣ ಶೋಧಿಸುವ ಮೆಷಿನ್) ತೆಗೆದುಕೊಂಡು ಹೋಗಿ ಅಪ್ಪನ ಕುರ್ಚಿ ಪಕ್ಕ ಇಟ್ಟರೆ? ಕುತ್ತಿಗೆಗೆ ನೇತುಹಾಕುವ ಸಣ್ಣದೂ ಬರುತ್ತದಂತೆ.

ಸುರತ್ಕಲ್ ಎಸಿ ಮೆಕ್ಯಾನಿಕ್ · ಮಂಗಳವಾರ ಮಧ್ಯಾಹ್ನ

ಕುತ್ತಿಗೆಯದ್ದು ದುಡ್ಡು ದಂಡ. ಅಯಾನೈಸರ್, ಓಝೋನ್ ಅಂತ ಬರೆದದ್ದಂತೂ ಬೇಡವೇ ಬೇಡ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು.

ಹೆಪಾ ಒಳ್ಳೆಯದು. ಆದರೆ ಕೋಣೆಯ ಅಳತೆ ನೋಡಬೇಕು. ಡಬ್ಬಿಯ ಮೇಲೆ ಸಿಎಡಿಆರ್ ಅಂತ ಒಂದು ಅಂಕೆ ಇರುತ್ತದೆ, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅಂತ. 12 ಅಡಿಗೆ 10 ಅಡಿ ಕೋಣೆ, ಎತ್ತರ 10 ಅಡಿ: 34 ಘನ ಮೀಟರ್. ಸಿಎಡಿಆರ್ 200 ಇದ್ದರೆ ಗಂಟೆಗೆ ಸುಮಾರು 6 ಸಲ ಕೋಣೆಯ ಗಾಳಿ ಶೋಧಿಸಿದ ಹಾಗಾಯಿತು. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2023ರಲ್ಲಿ ಕನಿಷ್ಠ 5 ಇರಲಿ ಅಂತ ಹೇಳಿದೆ. ಹಾಗಾಗಿ ಅಡ್ಮಿಟ್ ಆಗಿ ಸಿಂಗಲ್ ರೂಮು ಸಿಕ್ಕಿದರೆ ಒಂದೇ ಮೆಷಿನ್ ಭರ್ಜರಿ ಕೆಲಸ ಮಾಡುತ್ತದೆ. ನೀವು ಹೇಳಿದಂಥ ಹಾಲ್ 30ಕ್ಕೆ 25 ಅಡಿ ಇದ್ದರೂ 200 ಘನ ಮೀಟರ್ ದಾಟುತ್ತದೆ, ದೊಡ್ಡ ಮೆಷಿನ್ ನಾಲ್ಕು ಬೇಕು. ಅದು ಆಸ್ಪತ್ರೆಯವರೇ ಮಾಡಬೇಕಾದ ಕೆಲಸ.

ಪ್ಯೂರಿಫೈಯರ್ ಓಡಿದರೂ ಮೀಟರಿನ ಅಂಕೆ ಇಳಿಯುವುದಿಲ್ಲ, ಗಾಬರಿಯಾಗಬೇಡಿ. ಅದು ಕಣಗಳನ್ನು ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹಿಡಿಯುವುದಿಲ್ಲ.

ಉಳ್ಳಾಲ ಮೆಡಿಕಲ್ಸ್ · ಮಂಗಳವಾರ ರಾತ್ರಿ

ಮಾಸ್ಕ್ ವಿಷಯ ನಾನು ಹೇಳುತ್ತೇನೆ, ದಿನಾ ಮಾರುವವನು. ನೀಲಿ ಸರ್ಜಿಕಲ್ ಮಾಸ್ಕ್ ಬಟ್ಟೆ ಒಳ್ಳೆಯದೇ, ಆದರೆ ಕೆನ್ನೆಯ ಎರಡೂ ಕಡೆ ಬಾಯಿ ಬಿಟ್ಟುಕೊಂಡಿರುತ್ತದೆ. ಗಾಳಿ ಸುಲಭದ ದಾರಿಯಲ್ಲೇ ಹೋಗುತ್ತದೆ. ಹೊರಗಿನಿಂದ ಒಳಗೆ ಬರುವುದನ್ನು ತಡೆಯಬೇಕಾದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ಬೇಕು. ನಮ್ಮ ದೇಶದ ಎಫ್‌ಎಫ್‌ಪಿ2ಗೆ ಐಎಸ್ 9473 ಅಂತ ನಂಬರ್, ಐಎಸ್‌ಐ ಗುರುತು, ಕೆಳಗೆ ಸಿಎಂ/ಎಲ್ ಲೈಸನ್ಸ್ ನಂಬರ್ ಇರಬೇಕು. ಫುಟ್‌ಪಾತಿನಲ್ಲಿ ಹತ್ತರ ಕಟ್ಟು ಎನ್95 ಅಂತ ಮಾರುವುದರಲ್ಲಿ ಇದು ಯಾವುದೂ ಇರುವುದಿಲ್ಲ. ಕಿವಿಗೆ ಹಾಕುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಹೋಗುವುದು ಗಟ್ಟಿ ಕೂರುತ್ತದೆ. ವಾಲ್ವ್ ಇರುವುದನ್ನು ಆಸ್ಪತ್ರೆಗೆ ಹಾಕಬೇಡಿ. ಹಾಕಿದವರ ಉಸಿರು ಶೋಧಿಸದೆ ಹೊರಗೆ ಬರುತ್ತದೆ, ಪಕ್ಕದವರಿಗೂ ಯಾರದ್ದೋ ಅಪ್ಪ ಅಮ್ಮ ಇರುತ್ತಾರಲ್ವಾ.

ಕೂತಿದೆಯಾ ನೋಡುವುದು ಹೀಗೆ. ಮೂಗಿನ ತಂತಿಯನ್ನು ಎರಡೂ ಕೈಯ ಬೆರಳಿನಿಂದ ಒತ್ತಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಚಿಕೊಂಡು ಎರಡೂ ಬದಿ ತೂತಾಗುತ್ತದೆ. ಆಮೇಲೆ ಅಂಗೈ ಅಡ್ಡ ಹಿಡಿದು ಜೋರಾಗಿ ಉಸಿರು ಬಿಡಲಿ. ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕ ಮಂಜಾದರೆ, ಮೂಗಿನ ಹತ್ತಿರ ಸೋರುತ್ತಿದೆ ಅಂತ ಅರ್ಥ. ಗಡ್ಡ ಇದ್ದರೆ ಯಾವ ಮಾಸ್ಕೂ ಕೂರುವುದಿಲ್ಲ. ಮೀಸೆ ಮಾಸ್ಕಿನ ಒಳಗೇ ಇದ್ದರೆ ತೊಂದರೆ ಇಲ್ಲ. ಮತ್ತೊಂದು, ವಯಸ್ಸಾದವರಲ್ಲಿ ನೋಡಿದ್ದು: ಹಲ್ಲಿನ ಸೆಟ್ ಮನೆಯಲ್ಲಿ ಬಿಟ್ಟು ಬಂದರೆ ಕೆನ್ನೆ ಒಳಗೆ ಹೋಗಿ, ನಿನ್ನೆ ಸರಿ ಇದ್ದ ಮಾಸ್ಕ್ ಇವತ್ತು ಸಡಿಲ. ಸೆಟ್ ಹಾಕಿಸಿಯೇ ಕರೆದುಕೊಂಡು ಹೋಗಿ.

ತೊಳೆಯಬೇಡಿ, ಸ್ಪಿರಿಟ್ ಹಾಕಬೇಡಿ. ಬಟ್ಟೆಯಲ್ಲಿ ಒಂದು ವಿದ್ಯುತ್ ಅಂಶ ಇರುತ್ತದೆ, ಕಣಗಳನ್ನು ಎಳೆದು ಹಿಡಿಯುವುದು ಅದೇ. ಅದು ಹೋದರೆ ಮಾಸ್ಕ್ ಬರೀ ಬಟ್ಟೆ. ನಮ್ಮ ಮಳೆಗಾಲದಲ್ಲಿ ಬಸ್ಸು ಇಳಿದು ಹಾಲ್ ಮುಟ್ಟುವಷ್ಟರಲ್ಲಿ ಒದ್ದೆಯಾಗುತ್ತದೆ, ಬದಲಿಸಲಿಕ್ಕೆ ಇನ್ನೊಂದು ಚೀಲದಲ್ಲಿ ಇರಲಿ.

ದೇರೆಬೈಲ್ ಬಾಬು · ಮಂಗಳವಾರ ರಾತ್ರಿ

ನನ್ನದೊಂದು ಮಾತು, ಯಾರೂ ಸಿಟ್ಟು ಮಾಡಬೇಡಿ. ಇಷ್ಟೆಲ್ಲ ಹೆದರಿದರೆ ಬದುಕುವುದು ಯಾವಾಗ ಮಾರಾಯ್ರೆ? ಮೀಟರ್, ಮೆಷಿನ್, ಎರಡು ಪಟ್ಟಿಯ ಮಾಸ್ಕ್. ಪಾಪ, ಮುದುಕರಿಗೆ ಕೀಮೋಕ್ಕಿಂತ ಇದೇ ಜಾಸ್ತಿ ಸುಸ್ತು. ನನ್ನ ಮಾವನೂ ಕೀಮೋ ತೆಗೆದುಕೊಂಡರು, ಭೂತಕೋಲಕ್ಕೂ ಹೋದರು, ಮದುವೆ ಊಟವೂ ಮಾಡಿದರು. ಏನೂ ಆಗಲಿಲ್ಲ.

ಕಟಪಾಡಿ ಗೃಹಿಣಿ · ಬುಧವಾರ ಬೆಳಗ್ಗೆ

ಬಾಬಣ್ಣ, ನಿಮ್ಮ ಮಾವ ಗಟ್ಟಿ ಇದ್ದರು, ಸಂತೋಷ. ನನ್ನ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ಮದುವೆಗೆ ಹೋಗದೆ ಇರಬಹುದು, ಡಯಾಲಿಸಿಸ್ ಬಿಡಲಿಕ್ಕೆ ಆಗುತ್ತದಾ? ಪಕ್ಕದ ಬೆಡ್ಡಿನವರಿಗೆ ಜ್ವರ ಇದ್ದರೂ ಅವರೂ ಬರಲೇಬೇಕು. ತಪ್ಪಿಸಲಿಕ್ಕೆ ಆಗದ ಜಾಗದಲ್ಲಿ ಜಾಗ್ರತೆ ಮಾಡಿದರೆ, ಮನಸ್ಸಿಗೆ ಬೇಕಾದ ಒಂದೆರಡು ಕಡೆ ಧೈರ್ಯವಾಗಿ ಹೋಗಬಹುದು. ನಾವು ಹಾಗೇ ಮಾಡುವುದು. ಇವರು ಯಕ್ಷಗಾನ ಬಿಡುವವರಲ್ಲ. ಗದ್ದೆಯಲ್ಲಿ ನಡೆಯುವ ಬಯಲಾಟಕ್ಕೆ ಹೋಗುತ್ತೇವೆ. ಎಸಿ ಹಾಲ್‌ನ ಆಟಕ್ಕೆ ಇಲ್ಲ.

ನಮ್ಮಲ್ಲಿ ಆಸ್ಪತ್ರೆಗಿಂತ ಕಷ್ಟ ಆದದ್ದು ನೆಂಟರು. ಯಾರಿಗಾದರೂ ಹುಷಾರಿಲ್ಲ ಅಂದರೆ ನೋಡಿಕೊಂಡು ಬರಬೇಕು, ಇಲ್ಲದಿದ್ದರೆ ನಾಳೆ ಮಾತು ಬರುತ್ತದೆ. ಬೊಂಡ, ಮೂಸಂಬಿ, ಹಾರ್ಲಿಕ್ಸ್ ಹಿಡಿದುಕೊಂಡು ಬಂದು ಹಾಸಿಗೆಯ ಅಂಚಿಗೇ ಕೂರುತ್ತಾರೆ. ಬೇಡ ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ಕೊನೆಗೆ ಜಗಲಿಯಲ್ಲಿ ನಾಲ್ಕು ಕುರ್ಚಿ ಹಾಕಿದೆ. ಯಾರೇ ಬರಲಿ, ಇವರೇ ಹೊರಗೆ ಬಂದು ಕೂರುತ್ತಾರೆ. "ಒಳಗೆ ಸೆಕೆ ಅತ್ತೆ, ಇಲ್ಲಿ ಗಾಳಿ ಉಂಟು" ಅಂದರೆ ಮುಗಿಯಿತು. ಚಾ ಕುಡಿದು ಖುಷಿಯಲ್ಲೇ ಹೋಗುತ್ತಾರೆ. ಶೀತ ಇರುವವರು ಫೋನಿನಲ್ಲಿ ಮಾತಾಡಲಿ ಅಂತ ಹೇಳುವ ಕೆಲಸ ನನ್ನ ಮೈದುನನದ್ದು, ಅವನಿಗೆ ದಾಕ್ಷಿಣ್ಯ ಇಲ್ಲ.

ಶಿರ್ವದ ನಿವೃತ್ತ ಮಾಸ್ಟ್ರು · ಬುಧವಾರ ಸಂಜೆ

ಬಜಪೆಯವರು ಪ್ರತಿ ಕಂಬಕ್ಕೂ ಸ್ಯಾನಿಟೈಸರ್ ಅಂದರಲ್ಲ, ಅದಕ್ಕೆ ಕಾರಣ ಉಂಟು. 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಅಂತ ಪ್ರಕಟಿಸಿತ್ತು. ಆಮೇಲೆ ಮಾತು ಬದಲಿಸಿತು. ಆದರೆ ಬಾಟಲಿಗಳು ಗೋಡೆಗೆ ಬಂದಾಗಿತ್ತು, ಕಿಟಕಿ ತೆರೆಯಲಿಕ್ಕೆ ಯಾರಿಗೂ ನೆನಪಾಗಲಿಲ್ಲ.

ವಿಷಯ ಹೊಸದೇನೂ ಅಲ್ಲ. ಬಾಲ್ಟಿಮೋರ್‌ನಲ್ಲಿ 1950ರ ದಶಕದಲ್ಲಿ ವೆಲ್ಸ್, ರೈಲಿ ಅನ್ನುವವರು ಕ್ಷಯ ರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಕ್ಕೆ ತಂದು ಗಿನಿಯಿಲಿಗಳ ಕೋಣೆಗೆ ಬಿಟ್ಟರು. ಮುಟ್ಟದೆ, ಎಂಜಲು ತಾಗದೆ ಇಲಿಗಳಿಗೆ ಕ್ಷಯ ಬಂತು. ಅದೇ ಗಾಳಿಗೆ ದಾರಿಯಲ್ಲಿ ಅಲ್ಟ್ರಾವಯೊಲೆಟ್ ಬೆಳಕು ಹಾಯಿಸಿದಾಗ ಬರಲಿಲ್ಲ. ಲೋಕದ ಕ್ಷಯ ರೋಗಿಗಳಲ್ಲಿ ಕಾಲು ಭಾಗದಷ್ಟು ನಮ್ಮ ದೇಶದಲ್ಲೇ ಇದ್ದಾರೆ, ಹಾಗಾಗಿ ಇದನ್ನು ಬರೀ ಕೋವಿಡ್ ಕಾಲದ ಹೆದರಿಕೆ ಅನ್ನಬೇಡಿ ಬಾಬು.

ಪೆರುವಿನ ಲಿಮಾದಲ್ಲಿ ಆಸ್ಪತ್ರೆಗಳನ್ನು ಅಳೆದು 2007ರಲ್ಲಿ ಬರೆದರು. ಕಿಟಕಿ ಬಾಗಿಲು ತೆರೆದರೆ ಗಂಟೆಗೆ 28 ಸಲದಷ್ಟು ಗಾಳಿ ಬದಲಾಗುತ್ತಿತ್ತು. ಎತ್ತರದ ಮಾಡು, ದೊಡ್ಡ ಕಿಟಕಿಯ ಹಳೇ ಕಟ್ಟಡಗಳು ಹೊಸದಕ್ಕಿಂತ ಎಷ್ಟೋ ಮೇಲು. ಸೋಂಕಿನ ರೋಗಿಗಳನ್ನು ಬೇರೆ ಇಡುವ, ದುಬಾರಿ ಯಂತ್ರದ ಐಸೊಲೇಶನ್ ಕೋಣೆಗೆ ಹೇಳುವುದೇ ಗಂಟೆಗೆ 12 ಸಲ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದರಲ್ಲ, ಆ ಹಂಚಿನ ಮಾಡಿನ ಸಂದಿಯಲ್ಲಿ ಗಾಳಿ ತಾನಾಗಿ ಹೋಗಿ ಬರುತ್ತಿತ್ತು. ಈಗ ಫಾಲ್ಸ್ ಸೀಲಿಂಗ್ ಹಾಕಿ, ಗಾಜು ಮುಚ್ಚಿ, ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡ ಇಡುತ್ತೇವೆ. ಆಸ್ಪತ್ರೆಗೆ ಒಂದು ಪತ್ರ ಬರೆಯಿರಿ. ಎಲ್ಲ ಕಿಟಕಿ ಬೇಡ, ಎದುರುಬದುರಿನ ಎರಡು ಸಾಕು, ಎಸಿ ಬೇಕಾದರೆ ಓಡಲಿ. ಹೆಸರು ಬರೆದು ಸಹಿ ಹಾಕಿ ಕೊಟ್ಟ ಕಾಗದಕ್ಕೆ ಈಗಲೂ ಬೆಲೆ ಉಂಟು.

ಮಣಿಪಾಲದ ಸಿಸ್ಟರ್ · ಬುಧವಾರ ರಾತ್ರಿ

ಪತ್ರವನ್ನು ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಹೆಸರಿಗೆ ಬರೆಯಿರಿ, ದೊಡ್ಡ ಆಸ್ಪತ್ರೆಗಳಲ್ಲಿ ಆ ಕೆಲಸಕ್ಕೇ ಒಬ್ಬರು ಇರುತ್ತಾರೆ. ಮೆಡಿಕಲ್ ಸೂಪರಿಂಟೆಂಡೆಂಟರಿಗೆ ಒಂದು ಪ್ರತಿ.

ಲಸಿಕೆ ವಿಷಯ ಬಿಟ್ಟುಹೋಗಿತ್ತು. ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುವಾಗ, ಮುಗಿದ ಮೇಲೂ ಸುಮಾರು ಆರು ತಿಂಗಳು, ಅಪ್ಪನ ಮೈ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅವರಿಗೆ ಯಾವುದು, ಯಾವಾಗ ಅಂತ ಡಾಕ್ಟ್ರನ್ನೇ ಕೇಳಿ. ನೀವು ಮನೆಯವರು ಎಲ್ಲರೂ ಫ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳಿ, ಶಾಲೆಗೆ ಹೋಗುವ ಮಕ್ಕಳಂತೂ ಖಂಡಿತ. ನಮ್ಮ ದೇಶದಲ್ಲಿ ಫ್ಲೂ ಮಳೆಗಾಲದ ಹೊತ್ತಿಗೆ ಒಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಮ್ಮೆ ಏರುತ್ತದೆ. ಅಪ್ಪನ ಜೊತೆ ಹೋಗಲಿಕ್ಕೆ ಇಬ್ಬರು ತಯಾರಿರಿ. ಒಬ್ಬರಿಗೆ ಗಂಟಲು ಕೆರೆದರೆ ಇನ್ನೊಬ್ಬರು.

ಬಜಪೆ ಮಗಳು · ಎರಡು ವಾರದ ನಂತರ, ಶನಿವಾರ

ಎಲ್ಲರಿಗೂ ಉಪಕಾರ. ಮೊನ್ನೆ ಕೀಮೋ ಆಯಿತು. ಇನ್‌ಚಾರ್ಜ್ ಸಿಸ್ಟರಿಗೆ ಫೋನ್ ಮಾಡಿದೆ. ನನ್ನ ಅಣ್ಣ ಹೆದರಿಸಿದ ಹಾಗೇನೂ ಆಗಲಿಲ್ಲ. "ಮೊದಲೇ ಹೇಳಬಾರದಿತ್ತಾ" ಅಂದರು. ಎಂಟು ಗಂಟೆಗೆ ಬಾಗಿಲ ಪಕ್ಕದ ಕುರ್ಚಿ ಸಿಕ್ಕಿತು. ಅಪ್ಪ ಕಾರಿನಲ್ಲೇ ಗಾಜು ಇಳಿಸಿ ಇಡ್ಲಿ ತಿಂದು ಒಳಗೆ ಹೋದರು, ಹಾಲ್‌ನಲ್ಲಿ ಮಾಸ್ಕ್ ಇಳಿಸಲೇ ಇಲ್ಲ. ಬಾಯಾರಿಕೆಗೆ ಮಾಸ್ಕಿನ ಕೆಳಗಿನಿಂದ ಸ್ಟ್ರಾ. ಎಲ್ಲರ ಊಟದ ಹೊತ್ತಿಗೆ ಇವರ ಡ್ರಿಪ್ ಮುಗಿಯುತ್ತಾ ಬಂದಿತ್ತು.

ಮೀಟರ್ ಸುರತ್ಕಲ್ ಅಣ್ಣನ ಹತ್ತಿರವೇ ಎರವಲು ತೆಗೆದುಕೊಂಡೆ. ಬೆಳಗ್ಗೆ ಬಾಗಿಲ ಹತ್ತಿರ 700ರ ಆಸುಪಾಸು ಇದ್ದದ್ದು ಹನ್ನೊಂದಕ್ಕೆ 1,500 ದಾಟಿತು. ಪತ್ರ ಕೊಟ್ಟಿದ್ದೇನೆ, ಜೊತೆಗೆ ಬೇರೆ ಮನೆಯವರೂ ಸಹಿ ಹಾಕಿದರು. ಒಂದು ಕಿಟಕಿಯ ಸ್ಕ್ರೂ ತೆಗೆದಿದ್ದಾರೆ. ಎರಡನೆಯದಕ್ಕೆ ಸೊಳ್ಳೆ ಪರದೆ ಬರಬೇಕಂತೆ. ಮಲೇರಿಯಾ ಡೆಂಗಿಯ ಊರು, ಅದೂ ನ್ಯಾಯವೇ. ಮಾಸ್ಕಿಗೆ ಅಪ್ಪನದ್ದು ಒಂದೇ ದೂರು, ಮೂಗಿನ ಮೇಲೆ ಗೆರೆ ಬೀಳುತ್ತದೆ ಅಂತ.

ಒಂದು ಕೊನೆಯ ಪ್ರಶ್ನೆ. ಮುಂದಿನ ವಾರ ಸ್ಕ್ಯಾನ್ ಉಂಟು. ಮಾಸ್ಕಿನ ತಂತಿ ಸ್ಕ್ಯಾನಿಗೆ ಆಗುವುದಿಲ್ಲ ಅಂತ ಯಾರೋ ಹೇಳಿದರು.

ಮಣಿಪಾಲದ ಸಿಸ್ಟರ್ · ಶನಿವಾರ ರಾತ್ರಿ

ಯಾವ ಸ್ಕ್ಯಾನ್ ನೋಡಿ. ಎಂಆರ್‌ಐ ಆದರೆ ತಂತಿ ಇರುವ ಮಾಸ್ಕ್ ಖಂಡಿತ ಬೇಡ. ಬಿಸಿಯಾಗಿ ಮುಖ ಸುಟ್ಟ ಕೇಸ್ ಬಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಲೋಹ ಇಲ್ಲದ ಮಾಸ್ಕ್ ಕೇಳಿ.

ಬಜಪೆ ಮಗಳು · ಶನಿವಾರ ರಾತ್ರಿ

ಪೆಟ್ ಸಿಟಿ ಸಿಸ್ಟರ್.

ಮಣಿಪಾಲದ ಸಿಸ್ಟರ್ · ಶನಿವಾರ ರಾತ್ರಿ

ಹಾಗಾದರೆ ತಂತಿಯಿಂದ ಅಪಾಯ ಇಲ್ಲ, ಅದರಲ್ಲಿ ಆಯಸ್ಕಾಂತ ಇಲ್ಲ. ತಲೆಯ ಭಾಗ ತೆಗೆಯುವಾಗ ಚಿತ್ರದಲ್ಲಿ ಗೆರೆ ಬರುತ್ತದೆ ಅಂತ ಟೆಕ್ನಿಶಿಯನ್ ತೆಗೆಯಲಿಕ್ಕೆ ಹೇಳಬಹುದು, ಹೇಳಿದರೆ ಸ್ವಲ್ಪ ಹೊತ್ತು ತೆಗೆಯಲಿ. ನೀವು ಕೇಳಬೇಕಾದದ್ದು ಬೇರೆ. ಸ್ಕ್ಯಾನಿಗೆ ಮೊದಲು ಇಂಜೆಕ್ಷನ್ ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಅಲ್ಲಾಡದೆ ಒಳಗೆ ಕೂರಿಸುತ್ತಾರೆ. ಆ ಕೋಣೆಯಲ್ಲಿ ಅಪ್ಪ ಒಬ್ಬರೇನಾ, ಇನ್ನೂ ನಾಲ್ಕು ಜನರ ಜೊತೆಯಾ ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ಅಲ್ಲೂ ಮೊದಲ ಸರದಿಯನ್ನೇ ಹಿಡಿಯಿರಿ.